ಎಡಗಡೆಯ ಪಟ್ಟಿ

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿದ್ದ ಒಂದು ಸರ್ವೀಸ್ ಸೆಂಟರಿನ ಕೌಂಟರಿನಲ್ಲಿ ನಾನು ಆರು ವರ್ಷ ಕೂತಿದ್ದೆ. ನೆಲ ಒರೆಸುವ ಮಷೀನು, ಧೂಳು ಎಳೆಯುವ ಮಷೀನು ಎಲ್ಲ ರಿಪೇರಿಗೆ ಬರುತ್ತಿದ್ದವು. ಹೆಚ್ಚಾಗಿ ಬರುತ್ತಿದ್ದದ್ದು ಕಿಟಕಿ ಗಾಜು ತೊಳೆಯುವವರು ಬೆನ್ನಿಗೆ ಹಾಕಿಕೊಳ್ಳುವ ಟ್ಯಾಂಕು. ಸ್ಕೂಲ್ ಬ್ಯಾಗಿನ ಹಾಗೆ ಎರಡು ಪಟ್ಟಿ, ಒಳಗೆ ನೀರು, ಕೆಳಗೊಂದು ಬ್ಯಾಟರಿ ಪಂಪು. ಪಂಪಿನಿಂದ ಹೊರಟ ಪೈಪು ಉದ್ದನೆಯ ಕೋಲಿನ ತುದಿಯ ಬ್ರಷ್ಷಿಗೆ ಹೋಗುತ್ತದೆ. ನೀರು ತುಂಬಿದರೆ ಒಂದು ಅಕ್ಕಿ ಮೂಟೆ ಹೊತ್ತ ಹಾಗೆ.

ಅದಕ್ಕೆ ಒಂದು ವರ್ಷದ ವಾರಂಟಿ. ಬಂದ ಸಾಮಾನಿಗೆ ವಾರಂಟಿ ಸಿಗುತ್ತದೋ ಇಲ್ಲವೋ ಎಂದು ನೋಡಿ ಹೇಳುವುದೇ ನನ್ನ ಕೆಲಸ. ಹೆಚ್ಚಿನ ಸಲ ಇಲ್ಲ ಎಂದೇ ಹೇಳುತ್ತಿದ್ದೆ. ಮೊದಮೊದಲು ಕಷ್ಟವಾಗುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

ಒಂದು ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲೇ ಒಬ್ಬರು ಮೆಟ್ಟಿಲ ಮೇಲೆ ಕೂತಿದ್ದರು. ಐವತ್ತು ದಾಟಿದವರು, ಗಿಡ್ಡ ಮನುಷ್ಯ, ಕುತ್ತಿಗೆಗೆ ಟವೆಲ್ಲು. ಟ್ಯಾಂಕನ್ನು ಮಗುವಿನ ಹಾಗೆ ಎತ್ತಿ ಕೌಂಟರಿನ ಮೇಲಿಟ್ಟರು. ಬಲಗಡೆಯ ಪಟ್ಟಿಗೆ ದಪ್ಪ ಕಪ್ಪು ದಾರದ ಹೊಲಿಗೆ ಬಿದ್ದಿತ್ತು. ಎಡಗಡೆಯದು, ಕಬ್ಬಿಣದ ಬಳೆಗೆ ಸೇರುವ ಜಾಗದಲ್ಲಿ, ಎಳೆ ಎಳೆಯಾಗಿ ಬಿಡುತ್ತಿತ್ತು.

"ಈ ಕಡೇದು ಯಾರು ಹೊಲಿದಿದ್ದು?" ಎಂದೆ.

"ಮಾರೇನಹಳ್ಳಿ ಸರ್ಕಲ್ಲಲ್ಲಿ ಚಪ್ಪಲಿ ಹೊಲಿಯೋರು ಮೇಡಂ. ಕೆಲ್ಸದ ಮಧ್ಯದಲ್ಲೇ ಕಿತ್ತೋಯ್ತು, ಏನ್ ಮಾಡೋದು? ಈಗ ಇನ್ನೊಂದೂ ಬಿಡ್ತಾ ಇದೆ. ವರ್ಷ ಆಗಿಲ್ಲ, ಕಾರ್ಡ್ ಇದೆ ನೋಡಿ."

ಕಾರ್ಡು ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿತ್ತು. ನಾನು ಹಿಂದಿನ ಪುಟ ತಿರುಗಿಸಿ ತೋರಿಸಿದೆ. ಹೊರಗಡೆ ರಿಪೇರಿ ಮಾಡಿಸಿದರೆ ಪೂರ್ತಿ ವಾರಂಟಿ ಹೋಗುತ್ತದೆ.

"ಅದು ಬಲಗಡೆ ಮೇಡಂ. ನಾನು ಕೇಳ್ತಿರೋದು ಎಡಗಡೆಗೆ."

"ಒಂದು ಕಡೆ ಕೈ ಹಾಕಿದ್ರೂ ಆಗಲ್ಲ ಅಣ್ಣ. ರೂಲ್ಸು."

ಅವರು ಜಗಳ ಆಡಲಿಲ್ಲ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು, ಏನೋ ಹೇಳುವವರ ಹಾಗೆ. ಹಿಂದೆ ಇನ್ನಿಬ್ಬರು ಬಂದು ನಿಂತಿದ್ದರು. ಟ್ಯಾಂಕು ಬೆನ್ನಿಗೆ ಹಾಕಿಕೊಂಡು ಹೋದರು. ನಾನು ರಿಜಿಸ್ಟರಿನಲ್ಲಿ 'ಹೊರಗಿನ ರಿಪೇರಿ, ತಿರಸ್ಕೃತ' ಎಂದು ಬರೆದೆ.

ಒಂದೂವರೆ ತಿಂಗಳಾಗಿರಬೇಕು. ಒಬ್ಬ ಹೆಂಗಸು ಅದೇ ಟ್ಯಾಂಕು ತಂದು ಮುಂದಿಟ್ಟರು. ಕಪ್ಪು ದಾರ ನೋಡಿದೊಡನೆ ಗುರುತು ಸಿಕ್ಕಿತು. ಬಲಗಡೆಯ ಹೊಲಿಗೆ ಒಂದೆಳೆಯೂ ಸಡಿಲವಾಗಿರಲಿಲ್ಲ. ಎಡಗಡೆಯ ಪಟ್ಟಿ ಬಳೆಯಿಂದ ಪೂರ್ತಿ ಕಿತ್ತು ನೇತಾಡುತ್ತಿತ್ತು.

"ಅಣ್ಣ ಬರ್ಲಿಲ್ವಾ ಅಕ್ಕ?"

"ನಮ್ಮನೆಯವ್ರು ಬಿದ್ದೋಗವ್ರೆ," ಎಂದರು. "ಬಸವೇಶ್ವರನಗರದಲ್ಲಿ ಬಟ್ಟೆ ಅಂಗಡಿದು ಮೇಲಿನ ಗಾಜು. ಬೋರ್ಡು ಅಡ್ಡ ಇತ್ತು, ಕೋಲು ಎಟುಕ್ತಿರ್ಲಿಲ್ಲ ಅಂತ ಸಜ್ಜದ ಮೇಲೆ ಹತ್ತಿದ್ರು. ಪಟ್ಟಿ ಕಿತ್ತೋಯ್ತು. ನೀರು ತುಂಬಿತ್ತಲ್ಲ, ಟ್ಯಾಂಕು ಒಂದೇ ಕಡೆ ವಾಲ್ಬಿಡ್ತು. ನಾನು ಕೆಳಗೇ ಇದ್ದೆ. ಸೊಂಟದಿಂದ ಕೆಳಗೆ ಏನೂ ಗೊತ್ತಾಗ್ತಿಲ್ಲ ಅವ್ರಿಗೆ."

ನಾನು ಕಿತ್ತ ಪಟ್ಟಿಯನ್ನು ಕೈಯಲ್ಲಿ ಹಿಡಿದೆ. ಅವರೇ ಮುಂದುವರಿಸಿದರು. "ಇದನ್ನ ಸರಿ ಮಾಡ್ಕೊಡಿ. ಇನ್ನೂ ಮೂರು ತಿಂಗಳು ವಾರಂಟಿ ಐತೆ ಅಂತ ಅವರೇ ಹೇಳಿ ಕಳಿಸಿದ್ರು. ಇನ್ಮೇಲೆ ನಾನೇ ಕೆಲ್ಸಕ್ಕೆ ಹೋಗ್ಬೇಕು."

ಒಂದು ವಾರ ಬಿಟ್ಟು ಬನ್ನಿ ಎಂದು ಕಳಿಸಿದೆ. ಮ್ಯಾನೇಜರು ಊಟಕ್ಕೆ ಹೋದಾಗ ಡ್ರಾಯರಿನಿಂದ ಬ್ಲೇಡು ತೆಗೆದು ಆ ಕಪ್ಪು ಹೊಲಿಗೆಯನ್ನು ಒಂದೊಂದಾಗಿ ಕೊಯ್ದೆ. ಗಟ್ಟಿ ಹೊಲಿಗೆ. ಬೆರಳು ಕೆಂಪಾಯಿತು. ದಾರದ ತುಣುಕುಗಳನ್ನು ಕಾಗದದಲ್ಲಿ ಸುತ್ತಿ ಪರ್ಸಿಗೆ ಹಾಕಿಕೊಂಡೆ. ಸೂಜಿಯ ತೂತುಗಳು ಹರಿದ ಬಟ್ಟೆಯಲ್ಲಿ ಕಾಣದ ಹಾಗೆ ಫೋಟೋ ತೆಗೆದು, 'ಎರಡೂ ಪಟ್ಟಿ ಕಿತ್ತಿವೆ, ಹೊರಗಿನ ರಿಪೇರಿ ಇಲ್ಲ' ಎಂದು ಬರೆದೆ. ಮ್ಯಾನೇಜರು ರಿಜಿಸ್ಟರಿನ ಹಳೆಯ ಪುಟ ನೋಡದೆ, ತಲೆ ಎತ್ತದೆ ಸಹಿ ಹಾಕಿದರು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಆ ಅಣ್ಣ ಬಂದಿದ್ದ ದಿನ ಮಾಡಿದ್ದರೂ ಅಷ್ಟೇ ಹೊತ್ತು ಹಿಡಿಯುತ್ತಿತ್ತು.

ಕಂಪನಿಯಿಂದ ಹೊಸ ಪಟ್ಟಿಗಳು ಬಂದವು. ಬಿಚ್ಚಿ ನೋಡಿದರೆ ಅದೇ ತೆಳು ದಾರ, ಅದೇ ಹೊಲಿಗೆ. ಆಕೆ ಬರುವವರೆಗೆ ಕಾಯಲು ಮನಸ್ಸಾಗಲಿಲ್ಲ. ಕಾರ್ಡಿನಲ್ಲಿದ್ದ ವಿಳಾಸ ಹಿಡಿದು ಭಾನುವಾರ ಟ್ಯಾಂಕಿನ ಸಮೇತ ಹೇರೋಹಳ್ಳಿಗೆ ಹೋದೆ. ಕಿತ್ತುಹೋದ ರಸ್ತೆಯಲ್ಲಿ ಆಟೋದವರು ಅರ್ಧಕ್ಕೇ ಇಳಿಸಿದರು. ಹೊಸ ಮನೆಗಳ ಹಿಂದೆ ಶೀಟಿನ ಮನೆ. ಒಳಗೆ ಡೆಟಾಲಿನ ವಾಸನೆ, ಅದರಡಿ ಇನ್ನೊಂದು ವಾಸನೆ. ಅವರು ಮಂಚದ ಮೇಲೆ ಅಂಗಾತ ಮಲಗಿದ್ದರು. ನನ್ನನ್ನು ನೋಡಿ ಏಳಲು ಹೋಗಿ, ಆಗದೆ, ಕೈ ಮುಗಿದರು.

"ನೀವೇ ಬಂದ್ರಾ ಮೇಡಂ? ಪಾಸಾಯ್ತಾ?"

"ಆಯ್ತಣ್ಣ." ಆಮೇಲೆ, ಬಂದ ಕಾರಣವನ್ನು ಹೇಳಿಬಿಡಬೇಕೆಂದು, "ಅವತ್ತು ನೀವು ಹೊಲಿಸೋಕ್ಮುಂಚೆ ಬಂದಿದ್ರೆ ನಾನು ಮಾಡಿಸ್ಕೊಡ್ತಿದ್ದೆ" ಎಂದೆ.

ಅವರು ಸೂರಿನ ಕಡೆ ಕಣ್ಣು ತಿರುಗಿಸಿದರು. ಆಮೇಲೆ ಮೆತ್ತಗೆ ಹೇಳಿದರು. "ಬಂದಿದ್ನಲ್ಲಮ್ಮ. ಅದಕ್ಕಿಂತ ಮುಂಚೆ, ಎರಡೂ ಪಟ್ಟಿ ಸ್ವಲ್ಪ ಸ್ವಲ್ಪ ಬಿಡೋಕೆ ಶುರುವಾದಾಗ್ಲೇ. ಇಷ್ಟಕ್ಕೆಲ್ಲ ಆಗಲ್ಲ, ಪೂರ್ತಿ ಕಿತ್ತೋದ್ಮೇಲೆ ತಗೊಂಬನ್ನಿ ಅಂದ್ರಿ. ನಿಮ್ಗೆ ನೆನಪಿರಲ್ಲ ಬಿಡಿ, ಎಷ್ಟು ಜನ ಬರ್ತಾರೆ."

ನಿಜವಾಗಿಯೂ ನೆನಪಿರಲಿಲ್ಲ. ಎಷ್ಟು ಕೆದಕಿದರೂ ಆ ದಿನ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಆದರೆ ಆ ಮಾತು ನನ್ನದೇ. ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದೆನೋ ಲೆಕ್ಕವಿಲ್ಲ.

ಕಾಫಿ ತಂದುಕೊಟ್ಟ ಆಕೆಗೆ, "ಅಕ್ಕ, ಇದನ್ನ ಹಾಕ್ಕೊಳ್ಳೋಕ್ಮುಂಚೆ ಆ ಚಪ್ಪಲಿಯವರ ಹತ್ರ ಎರಡೂ ಕಡೆ ಗಟ್ಟಿಯಾಗಿ ಹೊಲಿಸಿ. ವಾರಂಟಿ ಹೋದ್ರೆ ಹೋಗ್ಲಿ" ಎಂದೆ.

"ಮತ್ತೆ ಇಷ್ಟೆಲ್ಲ ಯಾಕೆ ಮಾಡಿದ್ದು?" ಎಂದರು ಆಕೆ. ಕೋಪದಿಂದಲ್ಲ, ನಿಜವಾಗಿ ತಿಳಿಯದೆ. ಕಾಫಿ ಕುಡಿದು ಎದ್ದೆ. ಕೆಂಗೇರಿಯ ಮನೆಗೆ ಬಂದು ಸ್ನಾನ ಮಾಡಿದರೂ ಆ ವಾಸನೆ ಹೋದ ಹಾಗೆ ಅನಿಸಲಿಲ್ಲ.

ಕೆಲಸ ಬಿಡಲಿಲ್ಲ. ಬಿಡುವ ಸ್ಥಿತಿಯಲ್ಲಿರಲಿಲ್ಲ. ದಾರ ಬಿಟ್ಟ ಪಟ್ಟಿ ತಂದವರಿಗೆ ಮಾತ್ರ ಆ ಮಾತು ಹೇಳುವುದನ್ನು ಬಿಟ್ಟೆ. 'ಪೂರ್ತಿ ಕಿತ್ತಿದೆ' ಎಂದು ನಾನೇ ಬರೆದು ಕಳಿಸುತ್ತಿದ್ದೆ. ಕೆಲವು ಪಾಸಾದವು, ಕೆಲವು ವಾಪಸ್ ಬಂದವು. ಮ್ಯಾನೇಜರು ಎರಡು ಸಲ ಬೈದರು.

ಮಳೆಗಾಲ ಮುಗಿಯುವ ಹೊತ್ತಿಗೆ ಆಕೆಯ ಫೋನು ಬಂತು. ಪಂಪಿನಿಂದ ನೀರು ಸೋರುತ್ತಿದೆ, ಸೀರೆಯೆಲ್ಲ ನೆನೆಯುತ್ತದೆ, ಏನು ಮಾಡುವುದು ಎಂದು ಕೇಳಿದರು. ಹಿಂದೆ ರಸ್ತೆಯ ಸದ್ದು, ಎಲ್ಲೋ ಕೆಲಸದ ಮಧ್ಯೆಯೇ ಇದ್ದರು.

"ಅಣ್ಣ ಹೇಗಿದ್ದಾರೆ?" ಎಂದೆ.

"ಹೋದ್ರು ಮೇಡಂ. ಇಪ್ಪತ್ತು ದಿವಸ ಆಯ್ತು. ಬೆನ್ನಲ್ಲಿ ಹುಣ್ಣಾಗಿ ಕೀವು ತುಂಬ್ಕೊಂಡಿತ್ತು." ಒಂದು ಬಸ್ಸು ಹಾದುಹೋದ ಮೇಲೆ, "ವಾಷರ್ ಹೋಗಿರ್ಬೇಕು ಅಲ್ವಾ?" ಎಂದರು.

ಹೌದು ಎಂದೆ. ಬ್ಯಾಟರಿ ವೈರು ತೆಗೆದು, ಕೆಳಗಿನ ನಾಲ್ಕು ಸ್ಕ್ರೂ ಬಿಚ್ಚಿ, ಹಳೆಯ ವಾಷರ್ ಅಂಗಡಿಯಲ್ಲಿ ತೋರಿಸಿ ಅದೇ ಅಳತೆಯದು ತರುವುದನ್ನು ನಿಧಾನವಾಗಿ ಹೇಳಿದೆ. ಆಕೆ ಇನ್ನೊಂದು ಸಲ ಹೇಳಿ ಎಂದರು. ಇನ್ನೊಂದು ಸಲ ಹೇಳಿದೆ.