ಸೇತುವೆ ಕಾಯುವ ದೈತ್ಯ

ನನ್ನ ತಂಗಿಗೆ ಮನೆಯಲ್ಲಿ ಎಲ್ಲರೂ ಇಟ್ಟ ಹೆಸರು ರೇಡಿಯೋ. ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದರೆ ಮಲಗುವವರೆಗೂ ಬಾಯಿಗೆ ಬಿಡುವಿಲ್ಲ. ಚಿಕ್ಕವಳಿದ್ದಾಗ ಮಂಚವನ್ನು ಹಡಗು ಮಾಡಿ, ಹೊದಿಕೆಯನ್ನು ಸಮುದ್ರ ಮಾಡಿ, ನನಗೆ ರಾಕ್ಷಸನ ಪಾತ್ರ ಕೊಟ್ಟು, ನಾನು ಯಾವಾಗ ಸಾಯಬೇಕೆಂಬುದನ್ನೂ ಅವಳೇ ಹೇಳುತ್ತಿದ್ದಳು. "ಇವಳು ಸುಮ್ಮನಾದ ದಿನ ಡಾಕ್ಟರನ್ನ ಕರೀಬೇಕು" ಎನ್ನುತ್ತಿದ್ದರು ಅಪ್ಪ.

ಈಗ ಅವಳು ವಿಡಿಯೋ ಗೇಮ್ ಮಾಡುತ್ತಾಳೆ. ಆಡುವುದಲ್ಲ, ಮಾಡುವುದು. "ಇನ್ನೂ ಆಟ ಆಡ್ಕೊಂಡೇ ಇದಾಳಾ?" ಎಂದು ನೆಂಟರು ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಅವಳು ಒಂದು ರಾಜ್ಯವನ್ನೇ ಕಟ್ಟಿದ್ದಾಳೆ ಸ್ವಾಮಿ! ಕಾಡು, ಕೋಟೆ, ಮಾಟಗಾತಿಯರು, ಮುನಿಸಿಕೊಳ್ಳುವ ಕುದುರೆ, ಎಲ್ಲ ಇದೆ. ಆಡುವವರು ಅಲ್ಲಿ ವೀರರಾಗಿ ಹುಟ್ಟಿ ತಮ್ಮ ದಾರಿ ತಾವೇ ಹುಡುಕಿಕೊಳ್ಳಬೇಕು.

ಬೇಕರಿಯ ಮೇಲಿನ ಎರಡು ಕೋಣೆಗಳೇ ಅವಳ ಕಾರ್ಖಾನೆ. ಗೋಡೆ ತುಂಬ ನಕ್ಷೆ, ನೆಲದ ತುಂಬ ವೈರು. ವೈರಿಂಗ್ ನನ್ನದು, ನಾನು ಎಲೆಕ್ಟ್ರಿಷಿಯನ್. ಕೋಡ್ ಬರೆಯುವವನು ಅವಳ ಜೊತೆಗಾರ. ದಪ್ಪ ಕನ್ನಡಕದ ದೆಸೆಯಿಂದ ಅವನು ಸೋಡಾಬುಡ್ಡಿ.

ಆಟದ ಮೊದಲ ದೊಡ್ಡ ಘಟ್ಟ ಒಂದು ಸೇತುವೆ. ಅದನ್ನೊಬ್ಬ ದೈತ್ಯ ಕಾಯುತ್ತಾನೆ. ಕತ್ತಿ ಹಿರಿದು ಹೋದರೆ ಎಂಥ ವೀರನನ್ನೂ ಎತ್ತಿ ಹೊಳೆಗೆ ಎಸೆಯುತ್ತಾನೆ. ಕತ್ತಿಯನ್ನು ಒರೆಗೆ ಸೇರಿಸಿ ಮೆಲ್ಲಗೆ ಹತ್ತಿರ ಹೋದರೆ ದಾರಿ ಬಿಡುತ್ತಾನೆ. ಕತ್ತಿ ಕಂಡಾಗ ಅವನ ಮುಖದಲ್ಲಿ ಮೂಡುವ ಅಂಜಿಕೆಯನ್ನು ತಂಗಿ ವಾರಗಟ್ಟಲೆ ತಿದ್ದಿದ್ದಳು. ಬೆನ್ನು ಕೆರೆದುಕೊಳ್ಳುವ ರೀತಿ ಮಾತ್ರ ನನ್ನದು. ಅದಕ್ಕೆ ನನ್ನ ಒಪ್ಪಿಗೆಯನ್ನೇನೂ ಕೇಳಿರಲಿಲ್ಲ.

"ಕತ್ತಿ ಒಳಗಿಡಿ ಅಂತ ಅಲ್ಲೊಂದು ಬೋರ್ಡ್ ಹಾಕೋಣ. ಇಲ್ಲಾಂದ್ರೆ ಯಾರಿಗೆ ಗೊತ್ತಾಗತ್ತೆ?" ಎಂದು ಸೋಡಾಬುಡ್ಡಿ ದಿನಾ ಗೋಗರೆಯುತ್ತಿದ್ದ.

"ನಾವೇ ಹೇಳಿಕೊಟ್ರೆ ಗೆದ್ದೋರು ಅವರು ಹೇಗಾಗ್ತಾರೆ?" ಎನ್ನುತ್ತಿದ್ದಳು ಇವಳು.

ಅಷ್ಟರಲ್ಲಿ ಇಬ್ಬರ ಕೈಯೂ ಬರಿದಾಗಿತ್ತು. ಆಟಗಳನ್ನು ಹೊರತರುವ ಕಂಪನಿಯೊಂದರಿಂದ ಒಬ್ಬ ಮೇಡಂ ಬಂದು ಆಡಿ ನೋಡುವುದೆಂದಾಯಿತು. ಹಿಡಿಸಿದರೆ ಕಂಪನಿ ದುಡ್ಡು ಹಾಕುತ್ತದೆ, ಇಲ್ಲದಿದ್ದರೆ ಆ ರಾಜ್ಯ ಅರ್ಧಕ್ಕೇ ನಿಂತು ಕೋಣೆಗಳಿಗೆ ಬೀಗ. ಈ ಕಸುಬಿನಲ್ಲೊಂದು ನಿಯಮವಿದೆ. ಹೊಸಬರು ಆಡುವಾಗ ಆಟ ಮಾಡಿದವರು ಹಿಂದೆ ಕೂತು ನೋಡಬೇಕು, ತುಟಿ ಪಿಟಕ್ಕೆನ್ನಬಾರದು. ಆಟ ಕೊಂಡವರ ಮನೆಗೆಲ್ಲ ಹೋಗಿ ದಾರಿ ತೋರಿಸಲು ಇವರಿಗಾಗುವುದಿಲ್ಲವಲ್ಲ. ನಮ್ಮ ರೇಡಿಯೋಗೆ ಇಂಥ ಶಿಕ್ಷೆ!

ಆ ದಿನ ನಾನು ಸ್ವಿಚ್ ಬೋರ್ಡ್ ಬಿಚ್ಚಿಕೊಂಡು ಅಲ್ಲೇ ನಿಂತಿದ್ದೆ. ಬೋರ್ಡ್ ಚೆನ್ನಾಗಿಯೇ ಇತ್ತು. ಮೇಡಂ ಕತ್ತಿ ಎತ್ತಿಕೊಂಡು ಸೀದಾ ಸೇತುವೆಗೆ ನುಗ್ಗಿದರು. ದೈತ್ಯ ಎತ್ತಿ ಎಸೆದ. ಮತ್ತೆ ನುಗ್ಗಿದರು, ಮತ್ತೆ ಎಸೆದ. ಮೇಡಂ ಗಡಿಯಾರ ನೋಡಿದರು. ಸೋಡಾಬುಡ್ಡಿ ತಂಗಿಯನ್ನು ಮೊಣಕೈಯಿಂದ ತಿವಿದ. ತಡೆಯಲಾರದೆ ನಾನೇ "ಮೇಡಂ..." ಎಂದು ಬಾಯಿ ತೆರೆದೆ. ತಂಗಿ ನನ್ನನ್ನು ದುರುಗುಟ್ಟಿ ನೋಡಿದಳು. ನಾನು ಮತ್ತೆ ಬೋರ್ಡಿನ ಕಡೆ ತಿರುಗಿದೆ.

ಮೇಡಂ ಆಟ ಆಡಿಸುವ ಕಂಟ್ರೋಲರ್ ಕೆಳಗಿಟ್ಟರು. ಮುಗಿಯಿತು ಕಥೆ ಅಂದುಕೊಂಡೆ. ಆಕೆ ನೀರು ಕುಡಿಯುತ್ತ ಪರದೆಯನ್ನೇ ನೋಡುತ್ತ ಕೂತರು.

"ಅರೆ, ಇವನು ಹೆದರ್ಕೊಂಡಿದಾನೆ" ಎಂದರು ತಮ್ಮಷ್ಟಕ್ಕೆ.

ಮತ್ತೆ ಕಂಟ್ರೋಲರ್ ತೆಗೆದುಕೊಂಡು ಕತ್ತಿಯನ್ನು ಒರೆಗೆ ಸೇರಿಸಿದರು. ಒಂದೊಂದೇ ಹೆಜ್ಜೆ ಇಟ್ಟರು. ದೈತ್ಯ ಬೆನ್ನು ಕೆರೆದುಕೊಂಡು ಪಕ್ಕಕ್ಕೆ ಸರಿದ. ಆಕೆ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. "ನೋಡಿದ್ರಾ? ನಾನೇ ಕಂಡುಹಿಡಿದೆ!"

ನನ್ನ ಎದೆ ಉಬ್ಬಿತು. ಇವಳು ನನ್ನ ತಂಗಿ ಎಂದು ಕಿಟಕಿ ತೆರೆದು ಬೀದಿಗೆಲ್ಲ ಕೂಗಿ ಹೇಳಬೇಕೆನಿಸಿತು.

"ಸೇತುವೆ ಆಚೆ ಏನಿದೆ?" ಮೇಡಂ ತಿರುಗಿ ಕೇಳಿದರು.

ಅದನ್ನು ಹೇಳಲು ನನ್ನ ತಂಗಿಗೆ ಒಂದಿಡೀ ದಿನ ಸಾಲದು. ಅವಳು ಕಣ್ಣೊರೆಸಿಕೊಂಡು ಇಷ್ಟೇ ಹೇಳಿದಳು: "ನೀವೇ ಹೋಗಿ ನೋಡಿ."

ಆಕೆ ಸೇತುವೆ ದಾಟಿ ಹೋದರು. ಕೆಳಗೆ ಬೇಕರಿಯ ಬಾಗಿಲು ಮುಚ್ಚಿದರೂ ಏಳಲಿಲ್ಲ. ಕೊನೆಗೆ ಅವರ ಆಫೀಸಿನಿಂದ ಫೋನು ಬಂತು. ಪರದೆಯಿಂದ ಕಣ್ಣು ಕೀಳದೆ, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಆಕೆ ಹೇಳಿದರು: "ಇದನ್ನ ನಾವೇ ತಗೊಳ್ಳೋಣ, ಬೇರೆಯವರ ಕೈಗೆ ಹೋಗೋಕೆ ಬಿಡಬೇಡಿ. ಈಗ ಇಡ್ತೀನಿ, ನಾನು ಕಾಡಿನಲ್ಲಿದೀನಿ."