ನಿದ್ದೆಯ ಪಾಳಿ

ಮಧ್ಯಾಹ್ನದ ಊಟ ಮುಗಿಸಿ, ಪಾತ್ರೆ ತೊಳೆದು ಬೋರಲು ಹಾಕಿ, ಒಂದಿಷ್ಟು ಹೊತ್ತು ಕಳೆಯುವಷ್ಟರಲ್ಲಿ ಮನುಷ್ಯನ ತಲೆಗೆ ಇದ್ದಕ್ಕಿದ್ದಂತೆ ತೂಕ ಬಂದುಬಿಡುತ್ತದೆ. ಬೆಳಿಗ್ಗೆಯಿಂದ ಅದೇ ಕುತ್ತಿಗೆ ಅದೇ ತಲೆಯನ್ನು ಹೊತ್ತು ತಿರುಗಿರುತ್ತದೆ. ಆಗೆಲ್ಲ ಇಲ್ಲದ ಭಾರ ಮೂರು ಗಂಟೆಯ ಸುಮಾರಿಗೆ ಎಲ್ಲಿಂದ ಬರುತ್ತದೋ, ನನಗಂತೂ ಈ ವಯಸ್ಸಿನವರೆಗೆ ತಿಳಿದಿಲ್ಲ. ಶೈಲಾ, ನಿನ್ನೆ ನೀನು ಪರೀಕ್ಷೆಗೆ ಓದುತ್ತ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದೆ. ನಿನ್ನ ತಲೆ ಮೊದಲು ಪುಸ್ತಕಕ್ಕೆ ನಮಸ್ಕಾರ ಮಾಡಿತು, ಆಮೇಲೆ ಎಡಕ್ಕೆ ವಾಲಿತು, ಆಮೇಲೆ ಯಾರೋ ಗದರಿದಂತೆ ಗಾಬರಿಯಿಂದ ನೆಟ್ಟಗಾಯಿತು. ನೀನು ಸಿಟ್ಟಿನಿಂದ ಎದ್ದು, ಮುಖಕ್ಕೆ ನೀರು ಎರಚಿಕೊಂಡು ಬಂದು, "ಅಜ್ಜೀ, ಈ ಹಾಳ ನಿದ್ದಿಗೆ ಏನರ ಔಷಧ ಐತೇನ? ದಿನಾ ಮಧ್ಯಾಹ್ನ ಇದ ಹಣೇಬರ. ಈ ಸಲ ನಾ ಫೇಲಾಗೂದ ಗ್ಯಾರಂಟಿ ನೋಡ" ಎಂದೆ.

ನಾನು ನಕ್ಕು ಅಡುಗೆಮನೆಗೆ ಹೋಗಿಬಿಟ್ಟೆ. ಔಷಧ ಗೊತ್ತಿಲ್ಲವೆಂದಲ್ಲ. ಎದುರಿಗೆ ಕೂತು ನಾಲ್ಕು ಮಾತನ್ನು ಜೋಡಿಸಿ ಹೇಳುವುದೆಂದರೆ ನನಗೆ ಇಂದಿಗೂ ನಾಲಿಗೆ ಏಳುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಮಾಸ್ತರರು ಹೆಸರು ಕೇಳಿದರೆ ನಾನು ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದೆ. ನನ್ನ ಹೆಸರು ಅಲ್ಲಿಯೇ ಬರೆದಿದೆಯೇನೋ ಎಂಬಂತೆ. ಆದರೆ ಆ ಶಾಲೆ ಏಳನೆಯ ಇಯತ್ತೆ ಮುಗಿಯುವಷ್ಟರಲ್ಲಿ ಕೈಗೆ ಅಕ್ಷರ ಕೊಟ್ಟಿತು, ಅದು ದೊಡ್ಡ ಉಪಕಾರ. ಬಾಯಿ ಮಾಡದ ಕೆಲಸವನ್ನು ಕೈ ಮಾಡುತ್ತದೆ, ಅದಕ್ಕೇ ಇದನ್ನು ಬರೆದು ಇಡುತ್ತಿದ್ದೇನೆ. ಓದಿ ನಿನ್ನ ತಂಗಿಗೂ ಕೊಡು. ಅವಳಿಗೂ ಒಂದು ದಿನ ಮೂರು ಗಂಟೆ ಆಗುತ್ತದೆ.

ನಿಮ್ಮ ಅಜ್ಜ ಹಾವೇರಿಯ ಹತ್ತಿ ಜಿನ್ನಿನಲ್ಲಿ ಕೆಲಸಕ್ಕಿದ್ದರು. ಕಾಮಾಲೆಯಾಗಿ ತೀರಿಕೊಂಡಾಗ ನಿಮ್ಮ ಅವ್ವ ಎಂಟನೆಯ ಇಯತ್ತೆಯಲ್ಲಿದ್ದಳು. ನನ್ನ ತವರು ಕದರಮಂಡಲಗಿಯಿಂದ ಆಚೆಗೆ ಒಂದು ಸಣ್ಣ ಹಳ್ಳಿ. ಅಣ್ಣ ಒಳ್ಳೆಯವನು, ಬಂದಿರು ಎಂದು ಕರೆದ. ಆದರೆ ಆ ಹಳ್ಳಿಯಲ್ಲಿ ಹೈಸ್ಕೂಲು ಇರಲಿಲ್ಲ. ಹೋದರೆ ನಿಮ್ಮ ಅವ್ವನ ಪಾಟಿಚೀಲ ಗೂಟಕ್ಕೆ, ಅವಳು ಎಮ್ಮೆಯ ಹಿಂದೆ. ಆದ್ದರಿಂದ ನಾನು ತವರಿಗೆ ಹತ್ತಿರದ, ಹೈಸ್ಕೂಲು ಇದ್ದ ಬ್ಯಾಡಗಿಯಲ್ಲಿ ಒಂದು ಕೋಣೆಯ ಮನೆ ಹಿಡಿದೆ. ಗೋಡೆಯ ಆಚೆಯ ಮನೆ ಹಾಜರಾಬಿಯವರದು. ಅವರು ಮೆಣಸಿನಕಾಯಿ ವ್ಯಾಪಾರದ ಗೋಡೌನಿಗೆ ಕೆಲಸಕ್ಕೆ ಹೋಗುತ್ತಿದ್ದರು. ನನ್ನನ್ನು ಎರಡು ದಿನ ನೋಡಿ, ಮೂರನೆಯ ದಿನ, "ಬಾ ತಂಗಿ, ಕುಂತ ಮಾಡೂ ಕೆಲಸ, ನೆರಳಾಗ. ಅಲ್ಲಿ ನಿನ್ನ ಮಾತು ಯಾರಿಗೂ ಬ್ಯಾಡ, ಕೈ ಇದ್ರ ಸಾಕು" ಎಂದು ಕರೆದುಕೊಂಡು ಹೋದರು. ನನಗೆ ಇಷ್ಟು ಒಪ್ಪುವ ಕೆಲಸ ಭೂಮಿಯ ಮೇಲೆ ಇನ್ನೊಂದಿಲ್ಲ ಎನ್ನಿಸಿತು.

ಗೋಣಿತಟ್ಟಿನ ಮೇಲೆ ಹೆಂಗಸರೆಲ್ಲ ಸಾಲಾಗಿ ಕೂತು, ಮುಂದೆ ಸುರಿದ ಕಾಯಿಗಳಲ್ಲಿ ಬಣ್ಣಗೆಟ್ಟ ಬಿಳಿಗಾಯಿಯನ್ನು ಆರಿಸಿ ಹಿಂದಕ್ಕೆ ಒಗೆಯಬೇಕು. ಕೆಂಪುಕಾಯಿ ಮುಂದೆ ಉಳಿಯಬೇಕು. ಕೆಂಪಿನಲ್ಲಿ ಬಿಳಿ ಉಳಿದರೆ ಮಾಲಿಗೆ ಬೆಲೆಯಿಲ್ಲ, ಆರಿಸಿದವಳಿಗೆ ಮರ್ಯಾದೆಯಿಲ್ಲ. ಮೊದಲ ವಾರ ಸೀನಿ ಸೀನಿ ಪಕ್ಕೆ ನೋವಾಯಿತು, ಎರಡನೆಯ ವಾರ ಮೂಗು ಸೋತು ಸುಮ್ಮನಾಯಿತು. ಅದು ಸುಮ್ಮನಾದ ಮೇಲೆ ನಿಜವಾದ ತೊಂದರೆ ಶುರುವಾಯಿತು. ಊಟದ ಗಂಟು ಬಿಚ್ಚಿ, ರೊಟ್ಟಿ ತಿಂದು, ಮತ್ತೆ ಸಾಲಿನಲ್ಲಿ ಕೂತೆನೆಂದರೆ ಕಣ್ಣಿನ ಮೇಲೆ ಯಾರೋ ಒದ್ದೆ ಅರಿವೆ ಹಾಕಿದ ಹಾಗೆ. ಕೈ ಚಲಿಸುತ್ತಿರುತ್ತಿತ್ತು, ಆದರೆ ಯಾವ ಬಣ್ಣವನ್ನು ಎತ್ತುತ್ತಿದೆ ಎಂಬುದು ಕೈಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ನಾನು ಮಾಡದ ಉಪಾಯವಿಲ್ಲ. ರೊಟ್ಟಿ ಅರ್ಧ ತಿಂದು ನೋಡಿದೆ; ನಿದ್ದೆಯ ಜೊತೆಗೆ ಹಸಿವೂ ಬಂದು ಕೂತಿತು. ಚಹಾ ಕುಡಿದರೆ ಚಹಾದಂಗಡಿಯ ಕನಸು ಬೀಳುತ್ತಿತ್ತು. ಒಂದು ದಿನ ಯಾರೂ ನೋಡದಾಗ ಮುಂದಿದ್ದ ರಾಶಿಯಿಂದ ಒಂದು ಕಾಯಿಯನ್ನೇ ಬಾಯಿಗೆ ಹಾಕಿಕೊಂಡು ಅಗಿದೆ, ಖಾರಕ್ಕಾದರೂ ಕಣ್ಣು ತೆರೆಯಲಿ ಎಂದು. ನಮ್ಮ ಬ್ಯಾಡಗಿಯ ಕಾಯಿಗೆ ಲೋಕದಲ್ಲಿ ಹೆಸರು ಬಂದಿರುವುದು ಬಣ್ಣಕ್ಕೆ, ಖಾರಕ್ಕಲ್ಲ ಎಂಬುದು ಆಗ ನೆನಪಾಯಿತು. ತುಟಿ ಕೆಂಪಾಯಿತು, ನಿದ್ದೆ ಎಲ್ಲಿತ್ತೋ ಅಲ್ಲಿಯೇ ಇತ್ತು. ಕೊನೆಗೆ ಕದರಮಂಡಲಗಿಯ ಆಂಜನೇಯನಿಗೆ ಹರಕೆ ಹೊತ್ತೆ. ಗುಡ್ಡವನ್ನೇ ಎತ್ತಿದವನಿಗೆ ನನ್ನ ರೆಪ್ಪೆ ಎಷ್ಟರದು? ಆದರೆ ಅವನಿಗೂ ಮಧ್ಯಾಹ್ನ ಪೂಜಾರಿಗಳು ಬಾಗಿಲು ಹಾಕಿರುತ್ತಾರಲ್ಲ, ನನ್ನ ಮೊರೆ ಮುಟ್ಟಿರಲಿಕ್ಕಿಲ್ಲ.

ಇಷ್ಟಾಗಿ ನಾನು ಒಬ್ಬಳೇ ಹಾಗೆ ಎಂದು ತಿಳಿದಿದ್ದೆ. ಉಳಿದವರೆಲ್ಲ ಗೊಂಬೆಯಂತೆ ನೆಟ್ಟಗೆ ಕೂತಿರುತ್ತಿದ್ದರು. ನಾಚಿಕೆಯಿಂದ ನಾನು ಯಾರಿಗೂ ಹೇಳಲಿಲ್ಲ.

ಮೆಣಸಿನಕಾಯಿಯವರು ಮರೆಯಬಾರದ ಮಾತು ಒಂದೇ: ಕೈ ಮುಖಕ್ಕೆ ಹೋಗಬಾರದು. ಎಚ್ಚರವಿದ್ದವಳು ಮರೆಯುವುದಿಲ್ಲ, ನಿದ್ದೆಯಲ್ಲಿದ್ದವಳಿಗೆ ಅದು ಯಾರ ಕೈ ಎಂಬುದೇ ತಿಳಿಯುವುದಿಲ್ಲ. ಒಂದು ಮಧ್ಯಾಹ್ನ ನಾನು ಚಿಕ್ಕ ಮಗುವಿನಂತೆ ಎರಡೂ ಮುಷ್ಟಿಯಿಂದ ಕಣ್ಣು ಉಜ್ಜಿಕೊಂಡೆ. ನಾಲಿಗೆಯನ್ನು ಎಬ್ಬಿಸಲಾರದ ಕಾಯಿ ಕಣ್ಣಿಗೆ ಬೆಂಕಿ ಇಟ್ಟಿತು. ನಾನು ಅಷ್ಟು ದೊಡ್ಡ ದನಿಯಲ್ಲಿ ಕೂಗಿದ್ದು ಅದಕ್ಕೆ ಮೊದಲು ನಿಮ್ಮ ಅವ್ವನನ್ನು ಹೆತ್ತಾಗ ಮಾತ್ರ. ಹಾಜರಾಬಿ ಚಹಾದಂಗಡಿಯಿಂದ ಹಾಲು ತರಿಸಿ, ಸೆರಗಿನ ತುದಿ ಅದ್ದಿ ಕಣ್ಣು ಒರೆಸಿದರು. ಇನ್ನೊಂದು ಬದಿಗೆ ಕೂರುತ್ತಿದ್ದ ಗಂಗವ್ವ, "ಎಲ್ಲಾರೂ ಕಣ್ಣಿಗೆ ಕಾಡಗಿ ಹಚ್ಚಕೋತಾರ, ಈಕಿ ಖಾರ ಹಚ್ಚಕೊಂಡಾಳ ನೋಡ್ರೆವಾ" ಎಂದಳು. ಸಾಲು ನಕ್ಕಿತು. ನಗು ನಿಲ್ಲುವುದರೊಳಗೆ ದಿವಾನಜಿ ಬಂದು ನಿಂತಿದ್ದರು. ಅಂಗಡಿಯ ಲೆಕ್ಕ, ಕೆಲಸದವರ ಮೇಲ್ವಿಚಾರಣೆ ಎಲ್ಲ ಅವರದೇ. ಮನುಷ್ಯ ಕೆಟ್ಟವರಲ್ಲ, ಆದರೆ ದನಿ ಮಾತ್ರ ಗೋಡೌನಿನ ತಗಡನ್ನು ನಡುಗಿಸುವಂಥದು.

"ನಿದ್ದಿ ಮಾಡೂದಿದ್ರ ಮನ್ಯಾಗ ಮಾಡವಾ. ದಿನಗೂಲಿ ಕೊಟ್ಟು ನಿದ್ದಿ ಕೊಂಡಕೊಳ್ಳಾಕ ಸಾವಕಾರ್ರಿಗೆ ಹುಚ್ಚ ಹಿಡದೈತೇನ? ಇನ್ನೊಮ್ಮೆ ಕಣ್ಣ ಮುಚ್ಚಿದ್ದು ಕಂಡ್ರ, ಮರುದಿನದಿಂದ ಬರೂದು ಬ್ಯಾಡ."

ನನಗೆ ಕಣ್ಣು ಮುಚ್ಚಿದರೂ ತೆರೆದರೂ ಎಮ್ಮೆಯ ಹಿಂದೆ ಹೋಗುವ ನಿಮ್ಮ ಅವ್ವನೇ ಕಂಡಳು.

ಸಂಜೆ ಮನೆಯ ದಾರಿಯಲ್ಲಿ ಹಾಜರಾಬಿ ಮಾತು ತೆಗೆದರು. "ರಾತ್ರಿ ಯಾವಾಗ ಮಲಗತೀ?"

"ಲಗೂನ ಮಲಗತೇನ್ರಿ ಅಕ್ಕಾ."

"ಅರೆ, ಮಲಗೂದ ಯಾರ ಕೇಳಿದ್ರು? ನಿದ್ದಿ ಯಾವಾಗ ಹತ್ತತೈತಿ?"

ನಾನು ಹೆಬ್ಬೆರಳು ನೋಡಿದೆ. ಆಮೇಲೆ ಅದು ಹೇಗೋ ಬಾಯಿಂದ ಬಂತು. ನಿಮ್ಮ ಅಜ್ಜ ಇದ್ದಾಗ ಅಗುಳಿ ಹಾಕಿದೆಯೋ ಇಲ್ಲವೋ ನೋಡುವುದು ಅವರ ಕೆಲಸವಾಗಿತ್ತು. ಈಗ ಬಾಗಿಲು ಕಿರುಗುಟ್ಟಿದರೆ ನಾನು ಏಳುತ್ತೇನೆ, ನಾಯಿ ಬೊಗಳಿದರೆ ಏಳುತ್ತೇನೆ, ಏನೂ ಸಪ್ಪಳವಾಗದಿದ್ದರೆ ಯಾಕೆ ಆಗಲಿಲ್ಲ ಎಂದು ಏಳುತ್ತೇನೆ. ಮಗಳು ಪಕ್ಕದಲ್ಲಿ ಮಲಗಿರುತ್ತಾಳೆ. ನಾನು ಅವಳ ಉಸಿರು ಎಣಿಸುತ್ತ ಬೆಳಗು ಮಾಡುತ್ತೇನೆ.

ಹಾಜರಾಬಿ ನನ್ನ ಕಡೆ ತಿರುಗಿದರು. "ಅಲ್ಲ ತಂಗಿ, ಮನ್ಯಾಗ ಕಾವಲಾ ನೀ ಒಬ್ಬಾಕೀನ ಕಾಯಾಕತ್ತೀದಿ. ಗೋಡೌನಿನ್ಯಾಗ ಸುತ್ತಲೂ ನಾವು ಅದೇವಿ. ಅದಕ್ಕ ನಿನ್ನ ಮೈ ಧೈರ್ಯಾ ಮಾಡಿ ಮಲಗತೈತಿ. ಇದು ಮೈಗಳ್ಳತನ ಅಲ್ಲ ಬಿಡು" ಎಂದರು.

ಅವರು ಇದನ್ನು ಬಾಳೆಹಣ್ಣಿನ ದರ ಹೇಳುವಷ್ಟು ಸರಳವಾಗಿ ಹೇಳಿದರು. ನಾನು ಮಾತ್ರ ದಾರಿಯ ಉದ್ದಕ್ಕೂ ಸೆರಗಿನಿಂದ ಕಣ್ಣು ಒತ್ತಿಕೊಂಡೆ. ಕೇಳಿದವರಿಗೆ ಖಾರದ ನೆಪ ಇದ್ದೇ ಇತ್ತು.

ಮರುದಿನ ಊಟದ ಹೊತ್ತಿಗೆ ಹಾಜರಾಬಿ ಸಾಲಿಗೆಲ್ಲ ಕೇಳುವಂತೆ, ಒಂದರ ಮೇಲೊಂದು ಒಟ್ಟಿದ ಚೀಲದ ಥಪ್ಪಿಯ ಹಿಂದೆ ಜಾಗವಿದೆ, ಈಕೆ ಸ್ವಲ್ಪ ಹೊತ್ತು ಅಲ್ಲಿ ಮಲಗಲಿ, ಈಕೆಯ ಮುಂದಿನ ಕಾಯಿಯನ್ನು ಅಕ್ಕಪಕ್ಕದ ನಾವು ಆರಿಸೋಣ ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಗಂಗವ್ವ ಸೊಂಟಕ್ಕೆ ಕೈ ಇಟ್ಟಳು. "ಈಕಿ ಒಬ್ಬಾಕಿಗೆ ಯಾಕವಾ? ನಾ ಏನ ಕಬ್ಬಿಣದಾಕಿ? ಕಣ್ಣ ತಕ್ಕೊಂಡ ನಿದ್ದಿ ಮಾಡೂದು ರೂಢಿ ಮಾಡೇನಿ, ಅದಕ್ಕ ಯಾರಿಗೂ ಗೊತ್ತಾಗವಲ್ದು!" ಅಷ್ಟು ಹೇಳಿದ್ದೇ ತಡ, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಬ್ಬೊಬ್ಬರೇ ಬಾಯಿಬಿಟ್ಟರು. ಒಬ್ಬಾಕೆ ತೊಡೆ ಚಿವುಟಿಕೊಳ್ಳುತ್ತಿದ್ದಳಂತೆ, ಇನ್ನೊಬ್ಬಾಕೆ ಅತ್ತೆಯ ಬೈಗಳನ್ನು ನೆನೆದು ಎಚ್ಚರ ಇರುತ್ತಿದ್ದಳಂತೆ. ನಾನು ಗೊಂಬೆಗಳೆಂದು ತಿಳಿದವರೆಲ್ಲ ನನ್ನ ಹಾಗೆಯೇ ಒಳಗೊಳಗೆ ಕುಸ್ತಿ ಹಿಡಿಯುತ್ತಿದ್ದರು.

ಹೀಗೆ ನಿದ್ದೆಗೆ ಪಾಳಿ ಹಚ್ಚಲಾಯಿತು. ದಿನಕ್ಕೆ ಇಬ್ಬರು, ಒಬ್ಬರ ನಂತರ ಒಬ್ಬರು. ಗಡಿಯಾರ ಯಾರಲ್ಲೂ ಇರಲಿಲ್ಲ. ಸ್ಟೇಶನ್ನಿಗೆ ಮಧ್ಯಾಹ್ನದ ಪ್ಯಾಸೆಂಜರ್ ಬಂದು ಸೀಟಿ ಹಾಕಿದರೆ ಮೊದಲನೆಯವಳು ಏಳಬೇಕು, ಎರಡನೆಯವಳು ಮಲಗಬೇಕು. ಮೊದಲ ಪಾಳಿ ನನಗೇ ಬಂತು. ನನ್ನ ಸಂಕೋಚವನ್ನು ಏನು ಹೇಳಲಿ, ಅಷ್ಟು ಮಂದಿಯ ನಡುವೆ ಕಾಲು ಚಾಚಿದ್ದೇ ತಡ, ನಿದ್ದೆ ಹಾರಿಹೋಯಿತು! ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಸೀಟಿಯ ದಾರಿ ಕಾದೆ. ಗಂಗವ್ವ ಬಗ್ಗಿ ನೋಡಿ, "ಕುಂದ್ರು ಅಂದ್ರ ನಿದ್ದಿ ಮಾಡತಿ, ನಿದ್ದಿ ಮಾಡು ಅಂದ್ರ ಎಚ್ಚರ ಇರತಿ. ನಿನ್ನ ಕಟ್ಟಕೊಂಡ ಆ ದೇವರೂ ಬಾಳೇವು ಮಾಡಲಾರ ತಾಯಿ" ಎಂದಳು. ನನಗೆ ನಗು ಬಂತು. ಮುಂದಿನ ಪಾಳಿಯಿಂದ ನಿದ್ದೆಯೂ ಬಂತು. ಎದ್ದ ಮೇಲೆ ಕೆಂಪು ಕೆಂಪಾಗಿ, ಬಿಳಿ ಬಿಳಿಯಾಗಿ ಕಂಡಿತು. ಪಾಳಿಯಿಲ್ಲದ ದಿನವೂ ಮೊದಲಿನಂತೆ ತಲೆ ವಾಲುತ್ತಿರಲಿಲ್ಲ. ಬರುವ ಪಾಳಿಯ ಭರವಸೆಯಲ್ಲೂ ಸ್ವಲ್ಪ ನಿದ್ದೆ ಇರುತ್ತದೆ.

ಆ ಹೊತ್ತಿಗೆ ದಿವಾನಜಿ ಸಾಮಾನ್ಯವಾಗಿ ಪೇಟೆಯಲ್ಲಿರುತ್ತಿದ್ದರು, ಹಾಗಾಗಿ ಸುರಳೀತ ನಡೆದಿತ್ತು. ನಾವು ಗಡಿಯಾರವೆಂದು ನಂಬಿದ್ದು ರೈಲನ್ನು ಎಂಬುದೇ ನಮ್ಮ ತಪ್ಪು. ನನ್ನ ಪಾಳಿಯ ಒಂದು ದಿನ ರೈಲು ಎಲ್ಲಿಯೋ ನಿಂತುಬಿಟ್ಟಿತು. ಸೀಟಿಯಿಲ್ಲದೆ ಎಬ್ಬಿಸುವುದು ನೇಮಕ್ಕೆ ವಿರುದ್ಧವೆಂದು ಯಾರೂ ನನ್ನನ್ನು ಎಬ್ಬಿಸಲಿಲ್ಲ. ಪೇಟೆಯಿಂದ ಮರಳಿದ ದಿವಾನಜಿ ನೇರವಾಗಿ ಥಪ್ಪಿಯ ಹಿಂದೆ ಬಂದು ನಿಂತರು. ನನ್ನ ಬದುಕಿನ ಅತಿ ದೊಡ್ಡ ವ್ಯವಹಾರ ನಾನು ಗಾಢ ನಿದ್ದೆಯಲ್ಲಿದ್ದಾಗ ನಡೆಯಿತು. ಇನ್ನು ಹೇಳುವುದು ಸಾಲಿನವರಿಂದ ಕೇಳಿದ್ದು.

ಗಂಗವ್ವ ಮೊದಲು ಅಂದಳಂತೆ, "ರೈಲ ಇನ್ನಾ ಬಂದಿಲ್ರಿ." ದಿವಾನಜಿಗೆ ತಲೆಬುಡ ತಿಳಿಯಲಿಲ್ಲ. ನನ್ನ ಜಾಗದ ಮುಂದಿನ ರಾಶಿ ನೋಡಿದರು. "ಮಲಗಿದಾಕೀ ಕಾಯಿ ಯಾರ ಆರಿಸ್ಯಾರ?"

"ನಾವರಿ" ಎಂದರು ಹಾಜರಾಬಿ. "ನಾಳೆ ನಮ್ಮ ಕಾಯಿ ಆಕಿ ಆರಸ್ತಾಳ."

ದಿವಾನಜಿ ಬಗ್ಗಿ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ತಿರುವಿದರು. ಒಂದೂ ಬಿಳಿಗಾಯಿ ಬರಲಿಲ್ಲ. ಇನ್ನೊಬ್ಬರ ರಾಶಿ ತಿರುವಿದರು, ಅಲ್ಲಿಯೂ ಇಲ್ಲ. "ಇತ್ತಿತ್ಲಾಗ ಮಾಲು ಚೊಲೋ ಬರಾಕತ್ತೈತಿ ಅಂತ ಸಾವಕಾರ್ರು ಅಂತಿದ್ರು. ಇದೇನ ಕಾರಣ?"

"ಎಚ್ಚರ ಇದ್ದವರು ಆರಿಸ್ಯಾರ್ರಿ. ಮತ್ತೇನಿಲ್ಲ" ಎಂದರು ಹಾಜರಾಬಿ.

"ಸಾವಕಾರ್ರಿಗೆ ಗೊತ್ತಾದ್ರ?"

"ಈ ಹೊತ್ತಿನ್ಯಾಗ ಅವರೂ ಉಂಡ ಮಲಗಿರತಾರಲ್ರಿ" ಎಂದಳು ಗಂಗವ್ವ. "ಎಬ್ಬಿಸಿ ಹೇಳಾಕ ಯಾರ ಹೋಗತಾರ?"

ದಿವಾನಜಿ ಮತ್ತೆ ಥಪ್ಪಿಯ ಹಿಂದೆ ಬರುವುದಕ್ಕೂ ರೈಲು ಸೀಟಿ ಹಾಕುವುದಕ್ಕೂ ಸರಿಹೋಯಿತು. ನಾನು ಎದ್ದು ಕೂತೆ. ಮೊದಲು ಕಂಡದ್ದು ದಿವಾನಜಿಯ ಚಪ್ಪಲಿ. ಮೇಲಕ್ಕೆ ನೋಡುವ ಧೈರ್ಯವಾಗಲಿಲ್ಲ. ಎಲ್ಲ ಮುಗಿಯಿತು, ಸಂಜೆಗೆ ಗಂಟು ಕಟ್ಟಬೇಕು ಎಂದುಕೊಂಡೆ. ಅಷ್ಟರಲ್ಲಿ ಹಾಜರಾಬಿ ಎದ್ದು ಬಂದರು. "ಏಳ ತಂಗಿ, ನನ್ನ ಪಾಳಿ" ಎಂದರು. ದಿವಾನಜಿಯ ಎದುರಿಗೇ, ನಾನು ಬಿಟ್ಟ ಜಾಗದಲ್ಲಿ ಗೋಡೆಯ ಕಡೆಗೆ ಮುಖ ಮಾಡಿ, ಸೆರಗನ್ನು ತಲೆಯವರೆಗೆ ಎಳೆದುಕೊಂಡು ಮಲಗಿಬಿಟ್ಟರು. ನನ್ನ ಕೂಲಿಯ ಜೊತೆಗೆ ತಮ್ಮ ಕೂಲಿಯನ್ನೂ ಅವರು ಆ ತಟ್ಟಿನ ಮೇಲೆ ಪಣಕ್ಕೆ ಇಟ್ಟರೆಂಬುದು ನನಗೆ ಆ ಕ್ಷಣಕ್ಕೆ ತಿಳಿಯಿತು.

ಬಾಗಿಲಲ್ಲಿ ಹಮಾಲರು ಚೀಲಗಳನ್ನು ದಬದಬ ಒಗೆಯತೊಡಗಿದ್ದರು. ದಿವಾನಜಿ ಅತ್ತ ತಿರುಗಿ ತಗಡು ನಡುಗುವಂತೆ ಕೂಗಲು ಬಾಯಿ ತೆರೆದರು. ಆಗ ಯಾರೋ, "ದಿವಾನಜಿಯವರ, ಸ್ವಲ್ಪ ಸಾವಕಾಶ ಮಾತಾಡ್ರಿ. ಅಕ್ಕಾರು ಮಲಗ್ಯಾರ" ಎಂದರು. ಸಾಲಿನ ಕೈಗಳೆಲ್ಲ ನಿಂತವು. ಎಲ್ಲರೂ ನನ್ನ ಕಡೆ ನೋಡಿದಾಗಲೇ ಅದು ನನ್ನ ದನಿ ಎಂದು ನನಗೂ ಗೊತ್ತಾಯಿತು.

ದಿವಾನಜಿ ನನ್ನನ್ನು ಒಂದು ಗಳಿಗೆ ನೋಡಿದರು. ತೆರೆದ ಬಾಯಿ ಮುಚ್ಚಿದರು. ಬಾಗಿಲವರೆಗೆ ಸಪ್ಪಳವಿಲ್ಲದೆ ನಡೆದುಹೋಗಿ, ಚೀಲ ಮೆಲ್ಲಗೆ ಇಳಿಸಿ ಎಂದು ಹಮಾಲರಿಗೆ ಕೈಸನ್ನೆ ಮಾಡಿದರು. ಅವರು ಬಾಯಿಬಿಟ್ಟು ಒಪ್ಪಿಗೆ ಕೊಡಲಿಲ್ಲ, ನಾವೂ ಕೇಳಲಿಲ್ಲ; ಪಾಳಿ ಮಾತ್ರ ನಡೆಯಿತು. ನಿಮ್ಮ ಅವ್ವ ಬ್ಯಾಡಗಿಯಲ್ಲಿಯೇ ಎಸ್ಸೆಸ್ಸೆಲ್ಸಿ ಮುಗಿಸಿದಳು. ಲಗ್ನವಾಗಿ ರಾಣೆಬೆನ್ನೂರಿಗೆ ಹೋದದ್ದು, ನೀವು ಹುಟ್ಟಿದ್ದು ಆಮೇಲಿನ ಮಾತು.

ಈ ನಿದ್ದೆ ಸೋಮಾರಿಗಳಿಗೆ ಬರುವ ರೋಗವೆಂದು ನೀನು ತಿಳಿಯಬೇಡ ಶೈಲಾ. ಎಷ್ಟೋ ಸಲ ಅದು ಒಬ್ಬರೇ ಏನನ್ನೋ ಬಹಳ ಹೊತ್ತಿನಿಂದ ಕಾಯುತ್ತಿರುವುದರ ಗುರುತು. ನೀನು ರಾತ್ರಿಯೆಲ್ಲ ಪರೀಕ್ಷೆಗೆ ಹೆದರಿ ಹೊರಳಾಡುವುದು ನನಗೆ ಕೇಳಿಸುತ್ತದೆ. ಕಿವಿ ಇನ್ನೂ ಹಳೆಯ ಕಾವಲಿನದೇ. ಇಂದು ಮೂರು ಗಂಟೆಗೆ ತಲೆ ಭಾರವಾದರೆ ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಮಲಗು. ನಿನ್ನ ಪಾಠ ನನಗೆ ಓದಲು ಬಾರದು, ಪುಟ ಮಡಚಿಹೋಗದಂತೆ ಹಿಡಿದು ಕೂರಲು ಬರುತ್ತದೆ. ಹೊತ್ತಾದಾಗ ಎಬ್ಬಿಸುತ್ತೇನೆ.