ಮೊದಲ ಎಣ್ಣೆ ಬೆರೆಸದ ವಾರ್ಸಿನಿ

ಬೊಜೊನೆಗೊರೊದ ತೇಗದ ಗುಡ್ಡಗಳ ಮೇಲೆ ಇನ್ನೂ ಬೆಳಕು ಹರಿದಿಲ್ಲ. ವಾರ್ಸಿನಿ ಕುಕ್ಕರಗಾಲಿನಲ್ಲಿ ಕೂತು ಒಲೆಗೆ ಸೌದೆ ತಳ್ಳುತ್ತಿದ್ದಾಳೆ. ಒಲೆಯ ಮೇಲೆ ಮಣ್ಣು ಮೆತ್ತಿದ ಕಬ್ಬಿಣದ ಪೀಪಾಯಿ, ಅದರ ತುಂಬ ಲಾಂತುಂಗ್. ಹಳೆಯ ಬಾವಿಗಳಿಂದ ಲಾರಿಯ ಎಂಜಿನ್ ಕಟ್ಟಿ ಎಳೆದು ತೆಗೆದ ಕಚ್ಚಾತೈಲಕ್ಕೆ ಇಲ್ಲಿಯವರು ಹಾಗೆನ್ನುತ್ತಾರೆ. ಪೀಪಾಯಿಯಿಂದ ಹೊರಟ ಕೊಳವೆ ನೀರಿನ ಹೊಂಡದೊಳಗೆ ಮುಳುಗಿ ಆಚೆ ದಡದಲ್ಲಿ ಬಾಯಿ ತೆರೆದಿದೆ. ಆ ಬಾಯಿಂದ ಈಗ ತೊಟ್ಟಿಕ್ಕುತ್ತಿರುವ ಮೊದಲ ಎಣ್ಣೆ ನೀರಿನಷ್ಟೇ ತಿಳಿ. ವಾಸನೆ ಮಾತ್ರ ನೆತ್ತಿಗೇರುತ್ತದೆ.

ವಾರ್ಸಿನಿ ಅದನ್ನು ಬೇರೆ ಡಬ್ಬಿಗೆ ಹಿಡಿಯುತ್ತಾಳೆ. ಗುಡ್ಡದಲ್ಲಿ ಹಾಗೆ ಮಾಡುವವಳು ಅವಳೊಬ್ಬಳೇ.

ಲಾಂತುಂಗ್ ಎಂದರೆ ಒಂದೇ ಎಣ್ಣೆಯಲ್ಲ. ಇಂಗಾಲ ಮತ್ತು ಜಲಜನಕ ಕೈಹಿಡಿದು ನಿಂತ ಸಾವಿರ ಬಗೆಯ ಸರಪಳಿಗಳು ಅದರಲ್ಲಿ ಕಲಸಿಕೊಂಡಿವೆ. ಗಿಡ್ಡ ಸರಪಳಿಗಳು ಸಣ್ಣ ಕಾವಿಗೇ ಆವಿಯಾಗಿ ಹೊರಡುತ್ತವೆ. ಅದೇ ಮೊದಲ ಎಣ್ಣೆ, ಪೆಟ್ರೋಲಿನ ಜಾತಿ, ಕಿಡಿಗೆ ಕಾಯುತ್ತಿರುವಂಥದ್ದು. ಉರಿ ಹೆಚ್ಚಿದಂತೆ ಸೀಮೆಎಣ್ಣೆ, ಆಮೇಲೆ ಹಳದಿ ಬಣ್ಣದ ಡೀಸೆಲ್. ಕೊನೆಗೆ ತಳದಲ್ಲಿ ಉಳಿಯುವುದು ಡಾಂಬರಿನಂಥ ಕಪ್ಪು ಗಸಿ. ದೊಡ್ಡ ಕಾರ್ಖಾನೆಗಳ ಗೋಪುರದೊಳಗೆ ನಡೆಯುವುದೂ ಇದೇ. ಇಲ್ಲಿ ಗೋಪುರವಿಲ್ಲ, ಹೊಗೆಯಲ್ಲಿ ಕೂತ ಹೆಂಗಸಿದ್ದಾಳೆ.

ಮೊದಲು ಈ ಒಲೆ ಗಂಡ ಕಸ್ಬಿಯದಾಗಿತ್ತು. ಅವನ ಎದೆ ಕೆಟ್ಟು, ಹೊಗೆ ಸೋಕಿದರೆ ಉಸಿರು ಸಿಗದಂತಾದ ಮೇಲೆ ವಾರ್ಸಿನಿ ಬಂದು ಕೂತಳು. ಈಗ ಅವಳಿಗೂ ಕೆಮ್ಮು ಶುರುವಾಗಿದೆ. "ಮನೇಲಿ ಇಬ್ರೂ ಕೆಮ್ತೀವಿ. ಮಾತಾಡೋ ಕೆಲಸವೇ ಇಲ್ಲ" ಎನ್ನುತ್ತಾಳೆ, ನಗದೆ.

ಗುಡ್ಡದ ಕೆಳಗೆ ಅವಳ ತಂಗಿ ಲಾಸ್ಮಿಗೆ ಕಾಫಿ ಅಂಗಡಿಯಿತ್ತು. ಒಂದು ಮುಂಜಾನೆ ಲಾಸ್ಮಿ ಸೀಮೆಎಣ್ಣೆ ಸ್ಟೌವಿಗೆ ಕಡ್ಡಿ ಗೀರಿದಳು. ಬೆಂಕಿ ಬತ್ತಿಯಲ್ಲಿ ನಿಲ್ಲಲಿಲ್ಲ, ಎಣ್ಣೆಯ ತೊಟ್ಟಿಗೇ ಹಾರಿತು. ಆಸ್ಪತ್ರೆಯಲ್ಲಿ ಕೆಲವು ದಿನ ಜೀವವಿತ್ತು. ಸೀಮೆಎಣ್ಣೆಗೆ ಮೊದಲ ಎಣ್ಣೆ ಬೆರೆತಿತ್ತು. ಅಳತೆ ಹೆಚ್ಚಲೆಂದು ಆಗ ಎಲ್ಲರೂ ಬೆರೆಸುತ್ತಿದ್ದರು, ವಾರ್ಸಿನಿಯೂ.

"ಅದು ನನ್ನ ಪೀಪಾಯಿದೋ, ಪಕ್ಕದ ಒಲೆ ತುಮಿನಿದೋ, ಇನ್ಯಾರದೋ. ಎಲ್ಲಾ ಒಂದೇ ಲಾರೀಲಿ ಹೋಗಿ ಒಂದೇ ಟ್ಯಾಂಕಿಗೆ ಬೀಳ್ತಿತ್ತು. ಯಾರನ್ನ ಅಂತ ಕೇಳ್ಲಿ? ಲಾಸ್ಮಿನೂ ಕೇಳ್ಲಿಲ್ಲ. ನೀರು ಕೊಡಕ್ಕಾ ಅಂದ್ಲು, ಅಷ್ಟೇ."

ಬಿಸಿಲೇರುವ ಹೊತ್ತಿಗೆ ದಳ್ಳಾಳಿ ದಾರ್ಮೊ ಲಾರಿ ತರುತ್ತಾನೆ. ಬೇರೆಯಿಟ್ಟ ಡಬ್ಬಿ ಕಂಡು ಅವನು ಮುಖ ಗಂಟಿಕ್ಕುತ್ತಾನೆ.

"ಅಕ್ಕಾ, ಇವತ್ತೂ ಅದೇ ವ್ರತಾನಾ? ಅದನ್ನೂ ಸುರಿ. ಒಂದು ಡಬ್ಬಿ ಬೆರೆತ್ರೆ ಯಾರಿಗೆ ಗೊತ್ತಾಗುತ್ತೆ?"

"ಕಡ್ಡಿ ಗೀರಿದವರಿಗೆ ಗೊತ್ತಾಗುತ್ತೆ."

"ಸತ್ತವರು ಎದ್ದು ಬರ್ತಾರಾ? ಹಿಂಗೇ ಹಠ ಹಿಡಿದ್ರೆ ನಿನ್ನ ಒಲೆ ಹತ್ರ ಲಾರಿ ನಿಲ್ಸಲ್ಲ, ನೋಡು."

"ನಿಲ್ಸಬೇಡಪ್ಪ. ದಾರಿ ನಿನ್ನದು, ಲಾರಿ ನಿನ್ನದು."

ಲಾರಿ ಅವಳ ಪಾಲಿನ ಸೀಮೆಎಣ್ಣೆ ಮುಟ್ಟದೆ ಮುಂದೆ ಹೋಗುತ್ತದೆ. ಪಕ್ಕದ ಒಲೆಯ ತುಮಿನಿ ಬೆರೆಸಿಟ್ಟ ಪೀಪಾಯಿಗಳನ್ನು ಲಾರಿಗೆ ಏರಿಸುವುದು ಇಲ್ಲಿಗೇ ಕಾಣುತ್ತದೆ. ವಾರ್ಸಿನಿ ತೇಗದೆಲೆಯಲ್ಲಿ ಕಟ್ಟಿತಂದ ಅನ್ನ ಬಿಚ್ಚುತ್ತಾಳೆ, ಎರಡು ತುತ್ತು ತಿಂದು ಮತ್ತೆ ಮಡಚಿಡುತ್ತಾಳೆ. ಡಬ್ಬಿಯ ಎಣ್ಣೆಗೆ ಎಂಜಿನ್ ತೊಳೆಯುವ ಗ್ಯಾರೇಜಿನವರು ಯಾವಾಗಲೋ ಒಮ್ಮೆ ಬರುತ್ತಾರೆ. ಸೀಮೆಎಣ್ಣೆಯನ್ನು ಇನ್ನು ಮೇಲೆ ತಾನೇ ಹೊತ್ತು ಮನೆಮನೆಗೆ ಮಾರಬೇಕು. ಎಷ್ಟು ದಿನ ಹೊರಲಾದೀತೆಂದು ಅವಳಿಗೆ ತಿಳಿಯದು.

ಸಂಜೆಯ ಹೊತ್ತಿಗೆ ಸೆರಗಿನಡಿ ಬಾಟಲಿ ಮುಚ್ಚಿಕೊಂಡು ತುಮಿನಿ ಬರುತ್ತಾಳೆ. ಕಟ್ಟಿಗೆಯ ರಾಶಿಯ ಬಳಿ ನಿಲ್ಲುತ್ತಾಳೆ.

"ಅಕ್ಕಾ, ಒಂದು ಬಾಟ್ಲಿ ಸೀಮೆಎಣ್ಣೆ ಕೊಡ್ತೀಯಾ? ಮನೆ ಸ್ಟೌವಿಗೆ."

"ನಿನ್ನ ಹತ್ರ ಇರಲಿಲ್ವಾ?"

ತುಮಿನಿ ನೆಲ ನೋಡುತ್ತಾಳೆ. "ಸೊಸೆ ಬಸುರಿ ಅಕ್ಕಾ. ಅವಳೇ ಅಡುಗೆ ಮಾಡೋದು."

ವಾರ್ಸಿನಿ ಬಾಟಲಿಯ ಕಂಠದವರೆಗೆ ತುಂಬಿ, ಬಿರಟೆ ಬಿಗಿದು, ಸೆರಗಿನಿಂದ ಒರೆಸಿ ಕೊಡುತ್ತಾಳೆ. ತುಮಿನಿ ಇಳಿಜಾರಿನಲ್ಲಿ ಮರೆಯಾಗುವತನಕ ಒಲೆಯ ಕಡೆ ತಿರುಗುವುದಿಲ್ಲ.

ತುಮಿನಿಯನ್ನು ಬೈಯಬೇಕು ಅನ್ನಿಸಲಿಲ್ಲವೇ ಎಂದು ಕೇಳಿದರೆ ವಾರ್ಸಿನಿ ಒಲೆಗೆ ಸೌದೆ ತಳ್ಳುತ್ತ ಉತ್ತರಿಸುತ್ತಾಳೆ.

"ಬೈದ್ರೆ ನಾಳೆ ಬರಲ್ಲ. ಬರದೆ ಇದ್ರೆ ಆ ಹುಡುಗಿ ಯಾವ ಎಣ್ಣೆ ಹಚ್ತಾಳೆ? ನಂಗೆ ಇನ್ನೇನೂ ಬೇಡ. ಈ ಕೆಮ್ಮು ಸ್ವಲ್ಪ ಟೈಮ್ ಕೊಟ್ರೆ, ಗುಡ್ಡದೋರೆಲ್ಲ ತಮ್ಮನೆ ಒಲೆಗಾದ್ರೂ ನನ್ನ ಹತ್ರ ಬರೋ ಹಾಗೆ ಮಾಡ್ತೀನಿ."